ನಿಧಾನಗೊಂಡ ಗಣಕಯಂತ್ರ

ಕೊಂಡು ತಂದ ಹೊಸದರಲ್ಲಿ ಗಣಕಯಂತ್ರವು ಗುಂಡಿ ಒತ್ತಿದೊಡನೆ ಎಚ್ಚೆತ್ತು, ಹೇಳಿದ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದೇ ಯಂತ್ರ ಒಂದು ಪತ್ರವನ್ನು ತೆರೆಯುವುದಕ್ಕೂ ಸತಾಯಿಸತೊಡಗುತ್ತದೆ. "ಅದಕ್ಕೆ ವಯಸ್ಸಾಯಿತು, ಹೊಸದನ್ನು ಕೊಳ್ಳಿ" ಎನ್ನುವವರಿಗೆ ಕೊರತೆಯಿಲ್ಲ. ಈ ಮಾತು ಕೇಳುವುದಕ್ಕೆ ಸರಿಯೆನಿಸಿದರೂ ಬಹುಮಟ್ಟಿಗೆ ತಪ್ಪು. ಯಂತ್ರದ ಮಿದುಳೆನಿಸಿದ ಪ್ರೊಸೆಸರು ಎತ್ತಿನಂತೆ ದಣಿಯುವುದಿಲ್ಲ. ಮೊದಲ ದಿನ ಸೆಕೆಂಡಿಗೆ ಎಷ್ಟು ಕೋಟಿ ಲೆಕ್ಕ ಮಾಡುತ್ತಿತ್ತೋ ಇಂದಿಗೂ ಅಷ್ಟನ್ನು ಮಾಡಬಲ್ಲದು. ಹಾಗಾದರೆ ಅದು ನಿಧಾನವಾದುದೇಕೆ? ಅನೇಕ ವೇಳೆ ಅದು ಕೆಲಸ ಮಾಡಲಾರದೆ ನಿಂತಿರುವುದಿಲ್ಲ, ಯಾವುದಕ್ಕಾಗಿಯೋ ಕಾಯುತ್ತಿರುತ್ತದೆ. ಎಲ್ಲಿ ಕಾಯುತ್ತಿದೆ ಎಂಬುದನ್ನು ಮೊದಲು ಕಂಡುಹಿಡಿಯಬೇಕು.

ಮದುವೆಯ ಅಡುಗೆಮನೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಅಡುಗೆಯವನ ಕೈಗೆಟುಕುವಂತೆ ಒಲೆಯ ಪಕ್ಕದಲ್ಲಿ ಒಂದು ಹಲಗೆ. ಉಳಿದ ಸಾಮಾನೆಲ್ಲ ಉಗ್ರಾಣದಲ್ಲಿ. ಗಣಕದಲ್ಲಿ 'ರಾಮ್' ಎಂಬ ಸ್ಮೃತಿಯೇ ಹಲಗೆ, ಹಾರ್ಡ್ ಡಿಸ್ಕೇ ಉಗ್ರಾಣ. ಇವೆರಡರ ವೇಗದ ಅಂತರ ಸಾಮಾನ್ಯವಾದುದಲ್ಲ. ತಿರುಗುವ ತಟ್ಟೆಯ ಡಿಸ್ಕಿನಿಂದ ಒಂದು ಮಾಹಿತಿಯನ್ನು ಹುಡುಕಿ ತರಲು ರಾಮ್‌ನಿಂದ ತರುವುದಕ್ಕಿಂತ ಸುಮಾರು 1 ಲಕ್ಷ ಪಟ್ಟು ಕಾಲ ಬೇಕು. ಹಲಗೆಯಿಂದ ಉಪ್ಪು ತೆಗೆದುಕೊಳ್ಳಲು 1 ಸೆಕೆಂಡು ಹಿಡಿದರೆ, ಉಗ್ರಾಣಕ್ಕೆ ಹೋಗಿಬರಲು ಒಂದು ದಿನಕ್ಕೂ ಮಿಕ್ಕಿ ಹಿಡಿಯಿತೆಂದು ಅರ್ಥ!

ಹಲಗೆ ತುಂಬಿದಾಗ ಸದ್ಯಕ್ಕೆ ಬೇಡವಾದುದನ್ನು ಉಗ್ರಾಣಕ್ಕೆ ಕಳುಹಿಸಿ, ಬೇಕಾದಾಗ ಮರಳಿ ತರಿಸುವ ಉಪಾಯವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕೆಲಸಕ್ಕೆ ತೊಡಗಿದ ಅಟ್ಲಾಸ್ ಎಂಬ ಗಣಕದಲ್ಲಿ ಅಳವಡಿಸಿದ್ದರು. ಅದು ಒಳ್ಳೆಯ ಉಪಾಯವೇ. ಆದರೆ ಹಲಗೆ ತೀರ ಚಿಕ್ಕದಾಗಿದ್ದರೆ ಈಗ ಕಳುಹಿಸಿದ ಸಾಮಾನೇ ಮರುಕ್ಷಣ ಬೇಕಾಗುತ್ತದೆ. ಓಡಾಟವೇ ಕೆಲಸವಾಗಿ ಅಡುಗೆ ನಿಲ್ಲುತ್ತದೆ. ಪೀಟರ್ ಡೆನ್ನಿಂಗ್ ಎಂಬ ಅಮೆರಿಕದ ವಿದ್ವಾಂಸರು 1968ರಲ್ಲಿಯೇ ಈ ವ್ಯಾಧಿಯ ಕಾರಣವನ್ನು ವಿವರಿಸಿದರು. ಒಟ್ಟಿಗೆ ಇಪ್ಪತ್ತು ಪುಟಗಳನ್ನು ತೆರೆದಿಟ್ಟುಕೊಂಡ ಬ್ರೌಸರು ಇಂದು ನಮ್ಮ ಮನೆಗಳಲ್ಲಿ ಇದೇ ಅವಸ್ಥೆಯನ್ನು ತಂದೊಡ್ಡುತ್ತದೆ.

ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆದುಕೊಳ್ಳುತ್ತದೆ. ಪ್ರೊಸೆಸರು, ಸ್ಮೃತಿ, ಡಿಸ್ಕು ಇವು ಎಷ್ಟೆಷ್ಟು ತೊಡಗಿಕೊಂಡಿವೆ ಎಂಬುದನ್ನು ಅದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಸ್ಮೃತಿ ತುಂಬಿದ್ದರೆ ಬೇಡದ ತಂತ್ರಾಂಶಗಳನ್ನು ಮುಚ್ಚಬೇಕು. ಯಂತ್ರ ಏಳುವಾಗಲೇ ಕರೆಯದೆ ಬಂದು ಕೂರುವ ತಂತ್ರಾಂಶಗಳನ್ನು ತಡೆಯಬೇಕು. ಸಾಧ್ಯವಿದ್ದರೆ ರಾಮ್ ಹೆಚ್ಚಿಸಬೇಕು. ಸ್ಮೃತಿಗೆ ಬಿಡುವಿದ್ದೂ ಡಿಸ್ಕು ಮಾತ್ರ ಬಹಳ ಹೊತ್ತು ನೂರರ ಸಮೀಪದಲ್ಲಿದ್ದರೆ ಸಂದೇಹ ಡಿಸ್ಕಿನ ಮೇಲೆ. ಪ್ರೊಸೆಸರನ್ನು ಒಂದೇ ತಂತ್ರಾಂಶ ಆಕ್ರಮಿಸಿಕೊಂಡಿದ್ದರೆ ಅದರ ಕುಲಗೋತ್ರ ವಿಚಾರಿಸಬೇಕು. ಅದು ವೈರಸ್ಸೂ ಇರಬಹುದು. ಹಾಸಿಗೆಯ ಮೇಲಿಟ್ಟು ಗಾಳಿಯಾಡದಂತಾದ ಯಂತ್ರವು ಬಿಸಿಯೇರಿ, ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುವುದೂ ಉಂಟು.

ಆರಿಸಿ ಹಚ್ಚಿದರೆ ಸರಿಹೋಗುತ್ತದೆ ಎಂಬ ನಂಬಿಕೆಯಲ್ಲಿ ಸತ್ಯಾಂಶವಿದೆ. ಆದರೆ 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಅನೇಕ ಯಂತ್ರಗಳು ಬೇಗ ಏಳುವ ಸಲುವಾಗಿ ವ್ಯವಸ್ಥೆಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಂಡೇ ಆರುತ್ತವೆ. ಪೂರ್ತಿ ಹೊಸದಾಗಿ ಆರಂಭವಾಗಬೇಕಾದರೆ 'ರೀಸ್ಟಾರ್ಟ್' ಎಂಬುದನ್ನೇ ಆರಿಸಬೇಕು. ಇನ್ನು, ವೇಗವನ್ನು ಹತ್ತು ಪಟ್ಟು ಹೆಚ್ಚಿಸುತ್ತೇವೆಂದು ಸಾರುವ ತಂತ್ರಾಂಶಗಳನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳದಿರುವುದೇ ಲೇಸು.

ಎಲ್ಲಕ್ಕಿಂತ ಗಂಭೀರವಾದುದು ಸಾಯುತ್ತಿರುವ ಡಿಸ್ಕು. ನಮ್ಮ ಬೀದಿಯ ಗೃಹಸ್ಥರೊಬ್ಬರು ಒಮ್ಮೆ ಬಂದು, "ಮೇಷ್ಟ್ರೇ, ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಬೇಕು ಅಂತ ಅಂಗಡಿಯವರು ಹೇಳ್ತಾರೆ. ಮಾಡಿಸಲೇ?" ಎಂದು ಕೇಳಿದರು. ಹೋಗಿ ನೋಡಿದೆ. ಯಂತ್ರ ಎಲ್ಲ ಕೆಲಸಕ್ಕೂ ಸತಾಯಿಸುತ್ತಿರಲಿಲ್ಲ. ಕೆಲವು ಕಡತಗಳನ್ನು ತೆರೆಯುವಾಗ ಮಾತ್ರ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬಂದು ಪರದೆ ಸ್ತಬ್ಧವಾಗುತ್ತಿತ್ತು. ಅದರಲ್ಲಿ ಏನೇನಿದೆ ಎಂದು ವಿಚಾರಿಸಿದಾಗ, ತೀರಿಕೊಂಡ ಅವರ ತಾಯಿ ಹಾಡಿದ ಸೋಬಾನೆ ಪದಗಳು ಅಲ್ಲಲ್ಲದೆ ಬೇರೆಲ್ಲಿಯೂ ಇಲ್ಲವೆಂದು ತಿಳಿಯಿತು. ಇಂಥ ಸಮಯದಲ್ಲಿ ವೇಗದ ಚಿಂತೆಯನ್ನು ಬದಿಗಿಡಬೇಕು. ಪರೀಕ್ಷೆಯೂ ಬೇಡ, ದುರಸ್ತಿಯೂ ಬೇಡ. ಡಿಸ್ಕಿಗೆ ಪ್ರತಿಯೊಂದು ಓಟವೂ ಕೊನೆಯದಾಗಬಹುದು. ಮತ್ತೆ ದೊರೆಯಲಾರದ ಹಾಡುಗಳನ್ನು ಮೊದಲು, ಚಿತ್ರಗಳನ್ನು ಆಮೇಲೆ ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿದೆವು. ಎರಡು ಹಾಡುಗಳು ಮಾತ್ರ ಕೈಗೆ ಬರಲಿಲ್ಲ. ಮೂರನೆಯ ದಿನ ಆ ಡಿಸ್ಕು ತಿರುಗಲೇ ಇಲ್ಲ.

ಅದರ ಜಾಗದಲ್ಲಿ ತಿರುಗುವ ತಟ್ಟೆಗಳಿಲ್ಲದ 'ಎಸ್‌ಎಸ್‌ಡಿ'ಯನ್ನು ಹಾಕಿಸಿದರು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಉಗ್ರಾಣದ ದಾರಿ ಒಂದು ದಿನದಿಂದ ಕಾಲು ಗಂಟೆಯ ಸುಮಾರಿಗೆ ಇಳಿಯಿತು. ಪ್ರೊಸೆಸರು ಹಳೆಯದೇ, ರಾಮ್ ಹಳೆಯದೇ. ಆ ಮನೆಯ ಹುಡುಗಿ ಈಗಲೂ ಅದರಲ್ಲಿಯೇ ತನ್ನ ಕಾಲೇಜಿನ ಟಿಪ್ಪಣಿಗಳನ್ನು ಬರೆಯುತ್ತಾಳೆ. ಹಾಡುಗಳ ಪ್ರತಿಯೊಂದು ಬೀರುವಿನಲ್ಲಿದೆ, ಇನ್ನೊಂದು ಊರಿನಲ್ಲಿರುವ ಅತ್ತೆಯ ಮನೆಯಲ್ಲಿದೆ.