ರೈಲಿನ ಸಿಳ್ಳು, ಉಪಗ್ರಹದ ದನಿ

ಹುಲಿಗಿಯ ನೆರೆಯ ಮುನಿರಾಬಾದ್ ನಿಲ್ದಾಣವನ್ನು ನಿಲ್ಲದೆ ದಾಟುವ ರೈಲಿನ ಸಿಳ್ಳನ್ನು ನಾವು ಗಮನವಿಟ್ಟು ಕೇಳೋಣ. ಸಮೀಪಿಸುವಾಗ ಅದರ ಸ್ವರ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ರೇಡಿಯೋ ಅಲೆಗಳಿಗೂ ಇದು ಅನ್ವಯಿಸುತ್ತದೆ.

ಬೆಂಗಳೂರಿನಲ್ಲಿ ಸಿದ್ಧವಾಗಿ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿದ ‘ಹ್ಯಾಮ್‌ಸ್ಯಾಟ್’, ರೇಡಿಯೋ ಹವ್ಯಾಸಿಗಳಿಗಾಗಿಯೇ ನಿರ್ಮಿತವಾದ 42.5 ಕಿಲೋಗ್ರಾಂ ತೂಕದ ಪುಟ್ಟ ಉಪಗ್ರಹ. ಅದರ 145 ಮೆಗಾಹರ್ಟ್ಸ್ ಸಂಕೇತವು ಸಮೀಪಿಸುವಾಗ ಸುಮಾರು 3 ಕಿಲೋಹರ್ಟ್ಸ್‌ನಷ್ಟು ಮೇಲೇರಿ, ದೂರ ಸರಿಯುವಾಗ ಅಷ್ಟೇ ಕೆಳಗಿಳಿಯುತ್ತಿತ್ತು. ಇಳಿತವು ಅತಿ ತೀವ್ರವಾದ ಕ್ಷಣವನ್ನು ಗುರುತಿಸಿದರೆ, ಉಪಗ್ರಹವು ಕೇಳುಗನಿಗೆ ಅತಿ ಸಮೀಪವಿದ್ದ ಕ್ಷಣ ತಿಳಿದಂತೆಯೇ. ಬೆಲೆಬಾಳುವ ರೇಡಾರ್ ಇಲ್ಲದೆ ದೊರೆಯುವ ಜ್ಞಾನವಿದು! ಆದರೆ ಒಂದು ಊರಿಗೆ ಅದರ ದನಿ ಒಮ್ಮೆಗೆ ಹದಿನೈದು ನಿಮಿಷವೂ ಕೇಳುತ್ತಿರಲಿಲ್ಲ. ಮುಂದಿನ ಸುದ್ದಿಗೆ ದೂರದೇಶದ ಹವ್ಯಾಸಿಯನ್ನೇ ನೆಚ್ಚಬೇಕಾಗುತ್ತಿತ್ತು. 2014ರ ಜುಲೈ ತಿಂಗಳಲ್ಲಿ ಬ್ಯಾಟರಿ ಕೆಟ್ಟು ಅದು ಮೌನವಾಯಿತು.