ದೇವಜ್ಞಾನದ ಉನ್ನತ ವ್ಯಾಸಂಗವು ಯಾರಿಗೋಸ್ಕರ?

ಪಾಠಭಾಗ: ಎಜ್ರ 7:10, ನೆಹೆಮೀಯ 8:8.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯೌವನಸ್ಥನಾಗಲಿ ಯುವತಿಯಾಗಲಿ ದೇವಜ್ಞಾನಶಾಸ್ತ್ರದಲ್ಲಿ ಎಂ.ಟಿಎಚ್. ಪದವಿಯನ್ನು ಅಪೇಕ್ಷಿಸಿದರೆ, “ಪ್ರಸಂಗ ಮಾಡುವದಕ್ಕೆ ಇಷ್ಟು ಓದು ಯಾಕೆ?” ಎಂದು ಕೇಳುವವರುಂಟು. ಎಜ್ರನ ನಡತೆಯೇ ಇದಕ್ಕೆ ಉತ್ತರವು. ಅವನು ಧರ್ಮಶಾಸ್ತ್ರವನ್ನು ಶೋಧಿಸುವದಕ್ಕೂ ಕೈಕೊಳ್ಳುವದಕ್ಕೂ ಬೋಧಿಸುವದಕ್ಕೂ ಮನಸ್ಸಿಟ್ಟನು.

1. ಶೋಧಿಸುವದು. ಶ್ರೀರಾಂಪುರ ಸೆನೆಟಿನ ಕ್ರಮದಂತೆ ಮೊದಲು ಬಿ.ಡಿ., ಆ ಮೇಲೆ ಎರಡು ವರುಷದ ಎಂ.ಟಿಎಚ್. ನಮ್ಮ ನಾಡಿನಲ್ಲಿ ಈ ವಿದ್ಯೆಗೆ 1910ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು, 1965ರಲ್ಲಿ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಸ್ಥಾಪಿತವಾದವು. ಎಂ.ಟಿಎಚ್. ವಿದ್ಯಾರ್ಥಿಯು ಒಂದೇ ವಿಷಯವನ್ನು ಆಳವಾಗಿ ಶೋಧಿಸಿ ಪ್ರಬಂಧವನ್ನು ಬರೆಯಬೇಕು. ಹಳೇ ಒಡಂಬಡಿಕೆಯನ್ನು ಆರಿಸಿಕೊಂಡವನಿಗೆ ಇಬ್ರಿಯ ಭಾಷೆಯೂ ಹೊಸದಕ್ಕೆ ಗ್ರೀಕೂ ಅವಶ್ಯ.

2. ಕೈಕೊಳ್ಳುವದು. ಪದವಿಯು ನಡತೆಗೆ ಬದಲಾಗಿ ನಿಲ್ಲಲಾರದು. ಹಳ್ಳಿಯವರು ಪ್ರಬಂಧವನ್ನು ಓದದಿದ್ದರೂ ಬೋಧಕನ ಬಾಳನ್ನು ದಿನಾಲು ಓದುತ್ತಾರೆ.

3. ಬೋಧಿಸುವದು. ಕಷ್ಟವಾದದ್ದು ಇದೇ. ಪ್ರಬಂಧವು ಸಾಮಾನ್ಯವಾಗಿ ಇಂಗ್ಲಿಷಿನದು, ಕೇಳುವವರೋ ಕನ್ನಡಿಗರು. ಒಂಬತ್ತನೇ ಶತಮಾನದ ಕವಿರಾಜಮಾರ್ಗವು ಕೊಪ್ಪಳವನ್ನು ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಿದೆ. 1853ರಲ್ಲಿ ಬಂದ ಕಿಟ್ಟೆಲರು ಪರದೇಶದವರಾದರೂ ನಮ್ಮ ನುಡಿಗಾಗಿ ದುಡಿದು 1894ರಲ್ಲಿ ನಿಘಂಟನ್ನು ಪ್ರಕಟಿಸಿದರು. ಹೀಗಿರಲಾಗಿ ಇಲ್ಲಿಯೇ ಹುಟ್ಟಿದವನು ತಾನು ಕಲಿತದ್ದನ್ನು ಪಟ್ಟಣದಲ್ಲಿಯೇ ಬಿಟ್ಟುಬಿಡುವದು ತಕ್ಕದ್ದೋ? ನೆಹೆಮೀಯನ ಕಾಲದ ಲೇವಿಯರು ಓದಿದ್ದನ್ನು ವಿವರಿಸಿದ್ದರಿಂದಲೇ ಜನರು ಗ್ರಹಿಸಿದರು.

ಆದಕಾರಣ ಸಭೆಯವರೇ, ವಿದ್ಯಾರ್ಥಿಯನ್ನು ಕಳುಹಿಸುವಾಗ ಖರ್ಚಿಗೆ ಸಹಾಯಮಾಡಿರಿ. ತಿರಿಗಿ ಬಂದಾಗ ಕೆಲಸವನ್ನೂ ಕೇಳುವ ಕಿವಿಯನ್ನೂ ಕೊಡಿರಿ.

ವಿಚಾರಿಸತಕ್ಕದ್ದು: ನಮ್ಮ ಸಭೆಯು ಯಾರನ್ನು ಓದಿಗೆ ಕಳುಹಿಸಿದೆ? ಅವರು ಹಿಂದಿರುಗಿ ಬರುವದಕ್ಕೆ ನಾವು ಏನು ಸಿದ್ಧಮಾಡಿದ್ದೇವೆ?