ಬಾದಾಮಿಯ ಒಂಟಿ ಬಂಡೆಗೆ ಹಗ್ಗ ಹೊತ್ತು ಹೋಗುವ ಮುನ್ನ

ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು ಶಿಲಾರೋಹಿಗಳಿಗೆ ಚಿರಪರಿಚಿತ. ಬೋಲ್ಟ್ ಹೊಡೆದ ದಾರಿಗಳಲ್ಲಿ ಚಳಿಗಾಲವಿಡೀ ಜನ ಕಾಣುತ್ತಾರೆ. ಊರು ಬಿಟ್ಟು ಹೊಲಗಳ ಆಚೆ ನಡೆದರೆ, ಹದಿನೈದಿಪ್ಪತ್ತು ಮೀಟರ್ ಎತ್ತರದ ಸಣ್ಣ ಬಂಡೆಸಾಲುಗಳೂ ಸಿಗುತ್ತವೆ. ಮೊದಲು ಏರುವವರು ಬಿರುಕುಗಳಿಗೆ ಸಲಕರಣೆ ಸಿಕ್ಕಿಸುತ್ತಾ ಹೋಗಿ, ಹಿಂದೆ ಬರುವವರು ಅವನ್ನು ಬಿಚ್ಚಿಕೊಂಡು ಬರುವ ‘ಟ್ರ್ಯಾಡ್’ ಪದ್ಧತಿಗೆ ಇವು ಹೇಳಿ ಮಾಡಿಸಿದಂತಿವೆ. ಆದರೆ ಪೆಟ್ಟಾದರೆ ಕೂಗು ಕೇಳಿಸುವಷ್ಟು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಇಲ್ಲಿ ಜಾಗ್ರತೆಯ ಬಹುಪಾಲು ನೆಲದ ಮೇಲಿರುವಾಗಲೇ ಮುಗಿಯಬೇಕು.

1. ಯಾರು, ಯಾವಾಗ?
ಇದು ಮೊದಲ ಪಾಠದ ಜಾಗವಲ್ಲ. ತಂಡದಲ್ಲಿ ಕನಿಷ್ಠ ಒಬ್ಬರಿಗೆ ಟ್ರ್ಯಾಡ್ ಲೀಡ್ ಮಾಡಿ ರೂಢಿಯಿರಬೇಕು. ಹೊಸಬರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಿ ಪಡೆದು ಬರಲಿ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಹಿತ. ಇಬ್ಬರಿಗಿಂತ ಮೂವರಿದ್ದರೆ ಒಳ್ಳೆಯದು: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿದ್ದು, ಇನ್ನೊಬ್ಬರು ನೆರವು ತರಬಹುದು.

2. ಹೋಗುವ ದಾರಿ
ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ಊರೊಳಗಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಳ್ಳಿ. ಬಂಡೆಯ ಬುಡದಲ್ಲಿ ನೀರು ಸಿಗುತ್ತದೆಂದು ನಂಬಬೇಡಿ. ತಲೆಗೆ ಮೂರು ಲೀಟರ್ ಹೊತ್ತೊಯ್ಯಿರಿ. ದಾರಿ ಹೊಲದ ಬದುವಿನ ಮೇಲಿದ್ದರೆ ಹೊಲದವರನ್ನು ಕೇಳಿಯೇ ಮುಂದೆ ಹೋಗಿ. ಜೇನು ಎಲ್ಲಿ ಕಟ್ಟಿದೆ, ಯಾವ ಕಲ್ಲು ಸಡಿಲವಾಗಿದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

3. ಎಲ್ಲಿ ಏರಬಾರದು?
ಗುಹಾಲಯ, ಕೋಟೆ, ಶಾಸನಗಳಿರುವ ಬಂಡೆಗಳಿಗೆ ಕೈ ಹಚ್ಚಬೇಡಿ. ಈ ಸೀಮೆಯ ಸಿಡ್ಲಫಡಿಯಂಥ ಕಲ್ಲಾಸರೆಗಳಲ್ಲಿ ಪ್ರಾಗೈತಿಹಾಸಿಕ ವರ್ಣಚಿತ್ರಗಳಿವೆ. ಕಲ್ಲಿನ ಮೇಲೆ ಕೆಂಪು ಗೆರೆ ಕಂಡರೆ ಚಾಕ್ ಪುಡಿಯ ಕೈಯಲ್ಲಿ ಮುಟ್ಟದೆ ಬೇರೆ ಬಂಡೆ ನೋಡಿಕೊಳ್ಳಿ.

4. ಒಣಗಿದೆಯೇ, ಜೇನಿದೆಯೇ?
ನೀರು ಕುಡಿದ ಮರಳುಗಲ್ಲಿನ ಬಲ ಕುಗ್ಗುತ್ತದೆ. ಹಿಡಿತಗಳು ಮುರಿಯುತ್ತವೆ, ಸಿಕ್ಕಿಸಿದ ಸಲಕರಣೆ ಕಲ್ಲನ್ನು ಒಡೆದುಕೊಂಡು ಹೊರಬರುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಬುಡದ ಮಣ್ಣನ್ನು ನಾಲ್ಕು ಬೆರಳು ಆಳ ಕೆದಕಿ; ಹಸಿಯಿದ್ದರೆ ಅಂದು ಏರಬೇಡಿ. ಮಳೆಯಾದ ಮೇಲೆ ಎರಡು ಮೂರು ದಿನ ಬಿಸಿಲು ಬೀಳಲಿ.

ಬಳಿಕ ತಲೆಯೆತ್ತಿ ಚಾಚುಗಲ್ಲುಗಳ ಅಡಿಯನ್ನು ನೋಡಿ. ಕಪ್ಪಗೆ ಜೋತುಬಿದ್ದ ಹೆಜ್ಜೇನಿನ ತಟ್ಟಿ ಕಂಡರೆ ಆ ಗೋಡೆಯನ್ನೇ ಬಿಟ್ಟುಬಿಡಿ. ಹೊಗೆ, ಸುಗಂಧ, ಕೂಗಾಟ ಬೇಡ.

5. ಚೀಲದಲ್ಲಿ ಏನಿರಬೇಕು?
ಹಿಗ್ಗುವ ಗುಣದ 60 ಮೀಟರ್ ಕ್ಲೈಂಬಿಂಗ್ ಹಗ್ಗ, ಹೆಲ್ಮೆಟ್, ಹಾರ್ನೆಸ್, ಹಗ್ಗ ತಡೆಹಿಡಿಯುವ ಬೀಲೇ ಸಾಧನ, ಬಿರುಕಿಗೆ ಸಿಕ್ಕಿಸುವ ನಟ್‌ಗಳ ಒಂದು ಸೆಟ್, ಬೆರಳಿನಿಂದ ಮುಷ್ಟಿ ಗಾತ್ರದವರೆಗಿನ ಕ್ಯಾಮ್‌ಗಳು, ಉದ್ದನೆಯ ಸ್ಲಿಂಗ್‌ಗಳು, ನಟ್ ಬಿಡಿಸುವ ಕಡ್ಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.

6. ಏರುವಾಗ
ಹೊರಡುವ ಮುನ್ನ ಒಬ್ಬರದನ್ನೊಬ್ಬರು ಕಣ್ಣಿಟ್ಟು, ಕೈಯಿಟ್ಟು ಪರೀಕ್ಷಿಸಿ: ಹಾರ್ನೆಸ್ ಬಕಲ್, ಎಂಟರಾಕಾರದ ಗಂಟು, ಬೀಲೇ ಕ್ಯಾರಬಿನರ್‌ನ ಲಾಕ್, ಹಗ್ಗದ ಇನ್ನೊಂದು ತುದಿಯ ಗಂಟು. ನಿಮ್ಮ ಅಳವಿಗಿಂತ ಎರಡು ಮೆಟ್ಟಿಲು ಸುಲಭದ ದಾರಿ ಆರಿಸಿ. ಅಮೆರಿಕದ ಶ್ರೇಣಿಯಲ್ಲಿ 5.5ರಿಂದ 5.7ರ ದಾರಿಗಳು ಮಧ್ಯಮ ಮಟ್ಟದವರಿಗೆ ಸಾಕು.

ಬಿರುಕಿನ ಅಂಚನ್ನು ಮೊದಲು ಮುಷ್ಟಿಯಿಂದ ಗುದ್ದಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಏನನ್ನೂ ಸಿಕ್ಕಿಸಬೇಡಿ. ಬಿರುಕು ಕೆಳಮುಖವಾಗಿ ಕಿರಿದಾಗುವ ಕಡೆ ನಟ್ ಇಳಿಬಿಟ್ಟು, ಎರಡೂ ಮಗ್ಗುಲು ಕಲ್ಲಿಗೆ ಕೂತಿವೆಯೇ ನೋಡಿ, ಬಿದ್ದರೆ ಎಳೆತ ಬರುವ ದಿಕ್ಕಿಗೆ ಒಮ್ಮೆ ಜಗ್ಗಿ. ಕ್ಯಾಮ್‌ನ ರೆಕ್ಕೆಗಳು ತೀರಾ ತೆರೆದಿರಬಾರದು. ಹಗ್ಗದ ಓಲಾಟಕ್ಕೆ ನಟ್ ಕಿತ್ತುಬರದಂತೆ ಸ್ಲಿಂಗ್ ಹಾಕಿ ಉದ್ದ ಮಾಡಿ. ನೆಲಕ್ಕೆ ಬೀಳುವ ಅಪಾಯವಿರುವ ಮೊದಲ ಕೆಲವು ಮೀಟರ್‌ಗಳಲ್ಲಿ ಸಲಕರಣೆಗಳ ನಡುವೆ ಹೆಚ್ಚು ಅಂತರ ಬೇಡ.

7. ತುದಿಯಲ್ಲಿ
ಹಗ್ಗವನ್ನು ಕಲ್ಲಿಗೆ ಬಿಗಿಯುವ ಆಂಕರ್‌ಗೆ ಕನಿಷ್ಠ ಮೂರು ಗಟ್ಟಿ ಆಸರೆ ಬೇಕು. ಒಂದೇ ಬಿರುಕನ್ನು ನೆಚ್ಚಬೇಡಿ. ಸ್ಲಿಂಗ್‌ನ ಕವಲುಗಳ ನಡುವಿನ ಕೋನ 60 ಡಿಗ್ರಿ ಮೀರದಿರಲಿ. ಎರಡು ಕವಲುಗಳ ನಡುವೆ 120 ಡಿಗ್ರಿ ಇದ್ದರೆ ಪ್ರತಿಯೊಂದರ ಮೇಲೂ ಪೂರ್ತಿ ಭಾರವೇ ಬೀಳುತ್ತದೆ. ಹಿಂಬದಿಯಲ್ಲಿ ನಡೆದಿಳಿಯುವ ದಾರಿಯಿದ್ದರೆ ಅದನ್ನೇ ಹಿಡಿಯಿರಿ. ಹಗ್ಗದಲ್ಲಿ ಇಳಿದರೆ ಅದರ ಉಜ್ಜಾಟಕ್ಕೆ ಮೃದುಗಲ್ಲಿನ ಅಂಚು ಸವೆದು ಗೀರು ಬೀಳುತ್ತದೆ.

8. ಹೊರಡುವಾಗ
ತಂದದ್ದೆಲ್ಲ ಚೀಲ ಸೇರಲಿ. ಕಲ್ಲಿನ ಮೇಲಿನ ಚಾಕ್ ಗುರುತನ್ನು ಒಣ ಬ್ರಷ್‌ನಿಂದ ಮೆಲ್ಲಗೆ ಒರೆಸಿ. ಇಂಥ ಬಂಡೆಗೆ ಹೊಸದಾಗಿ ಬೋಲ್ಟ್ ಹೊಡೆಯುವ ಮಾತಂತೂ ಬೇಡವೇ ಬೇಡ. ಮುಂದೆ ಬರುವವರಿಗೂ ಅದೇ ಬರಿಯ ಕಲ್ಲು ಸಿಗಬೇಕು. ಬೆಳಿಗ್ಗೆಯೇ ಊರಿನ ಒಬ್ಬರಿಗೆ ಜಾಗವನ್ನೂ ಮರಳುವ ಹೊತ್ತನ್ನೂ ತಿಳಿಸಿರಬೇಕು. ತುರ್ತಿಗೆ 108, 112 ಸಂಖ್ಯೆಗಳಿವೆ. ಬಂಡೆಯ ಬುಡದಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಎಲ್ಲಿ ಸಿಗುತ್ತದೆಂದು ಬರುವಾಗಲೇ ಗುರುತಿಟ್ಟುಕೊಳ್ಳಿ. ಇಳಿದ ಕೂಡಲೇ ಬೆಳಿಗ್ಗೆ ಹೇಳಿದವರಿಗೆ ಫೋನ್ ಮಾಡಿ, ಕತ್ತಲಾಗುವ ಮುನ್ನ ಹೊಲದ ದಾರಿ ದಾಟಿ.